ಬೆಳ್ಳಿಯ ಗುಂಡಗಡಗಿ

“ಅದನ್ನ ತಗೀಬೇಕಾಗತೈತಿ ತಂಗೆವ್ವಾ,” ಎಂದು ಡಾಕ್ಟರು ಗೌರವ್ವನ ಎದೆಯ ಮೇಲೆ ಇಳಿಬಿದ್ದಿದ್ದ ಬೆಳ್ಳಿಯ ಗುಂಡಗಡಗಿಯತ್ತ ಬೆರಳು ಮಾಡಿದರು. “ನಳಗಿ ಇಡೂ ಜಾಗಾದಾಗ ಅದ ಕುಂತೈತಿ. ಹಿಂಗಾದ್ರ ನನಗೇನ್ ಕೇಳಸ್ತೈತಿ?”

ಗೌರವ್ವನ ಬಲಗೈ ತಾನಾಗಿ ಮೇಲೆ ಹೋಗಿ ಅದನ್ನು ಮುಚ್ಚಿ ಹಿಡಿಯಿತು. ಪಕ್ಕದಲ್ಲಿ ನಿಂತಿದ್ದ ಅತ್ತೆ ಕಾಶೆವ್ವನಿಗೆ ಸೊಸೆಯ ಬೆರಳ ಗೆಣ್ಣುಗಳು ಬಿಳಿಚಿಕೊಂಡದ್ದು ಕಾಣಿಸಿತು.

“ಅದರಾಗ ಲಿಂಗಾ ಐತ್ರಿ ಸಾಹೇಬ್ರ,” ಎಂದಳು ಕಾಶೆವ್ವ. “ನಮ್ಮಾಗ ಉಸರ ಇರೂತನಕ ಮೈಮ್ಯಾಲಿಂದ ತಗಿಯೂದಿಲ್ರಿ.”

“ಗೊತ್ತೈತಿ ಬಿಡ್ರೆವಾ. ಈ ಗೋಕಾಕದಾಗ ನಾ ಬಂದು ಹದಿನೆಂಟ ವರ್ಷಾತು. ನಾ ಮುಟ್ಟೂದಿಲ್ಲ. ನೀವ ಕೈಯಾಗ ಹಿಡಕೊಂಡ ಇಲ್ಲೇ ನಿಂದರ್ರಿ. ಎರಡ ಮಿನಿಟಿನ ಮಾತು.”

ಅಷ್ಟರಲ್ಲಿ ಹೊರಗೆ ಯಾರೋ ಕೈಗೆ ಕುಡಗೋಲು ಬಡಿಸಿಕೊಂಡು ಬಂದರೆಂದು ಕಾಂಪೌಂಡರು ಕೂಗಿದ. ಡಾಕ್ಟರು ಕೊಳವೆಯನ್ನು ಕೊರಳಿಗೆ ಹಾಕಿಕೊಂಡು ಎದ್ದರು. “ಅತ್ತಿ ಸೊಸಿ ಮಾತಾಡ್ಕೋರಿ. ಅಷ್ಟರಾಗ ಬರ್ತೇನಿ,” ಎಂದು ಪರದೆ ಸರಿಸಿ ಹೋದರು. ಗೌರವ್ವ ಮರದ ಸ್ಟೂಲಿನ ಮೇಲೆ ಹಾಗೆಯೇ ಕುಳಿತಿದ್ದಳು. ಕೈ ಮಾತ್ರ ಕೆಳಗಿಳಿಯಲಿಲ್ಲ.

ಒಂದು ವರ್ಷದಿಂದ ನಡೆದಿತ್ತು ಈ ಅಲೆದಾಟ. ಮೊದಲ ಸಲ ನೋವು ಬಂದಾಗ ಗೌರವ್ವ ಬೀಸುಕಲ್ಲಿನ ಮುಂದಿದ್ದಳು. ಹಾಡು ಅರ್ಧಕ್ಕೆ ನಿಂತಿತೆಂದು ಕಾಶೆವ್ವ ಒಳಗೆ ಇಣುಕಿದರೆ ಹುಡುಗಿ ಕಲ್ಲಿನ ಗೂಟವನ್ನು ಹಿಡಿದು ಬಾಗಿಬಿಟ್ಟಿದ್ದಳು. “ಎದಿಯಾಗ ಯಾರೋ ಸಣ್ಣ ಕೈಲೆ ಮುಟಗಿ ಹಿಡದಂಗ ಆಗಾಕತ್ತೈತ್ರಿ ಅತ್ತಿ,” ಎಂದಿದ್ದಳು. ಕಾಶೆವ್ವ ಅದನ್ನು ವಾಯು ಎಂದುಕೊಂಡು ಅಜವಾನ, ಉಪ್ಪು ಬಿಸಿನೀರಿನಲ್ಲಿ ಕೊಟ್ಟಳು. ಎಂಟು ದಿನ ಸುಮ್ಮನಿದ್ದ ನೋವು ಒಂಬತ್ತನೆಯ ದಿನ ಮತ್ತೆ ಬಂತು.

ಬರುತ್ತಿತ್ತು, ಹೋಗುತ್ತಿತ್ತು. ಅದೇ ದೊಡ್ಡ ಪೀಡೆಯಾಯಿತು. ಸದಾ ಇದ್ದಿದ್ದರೆ ತುಕ್ಕಾನಟ್ಟಿಯ ಜನ ನಂಬುತ್ತಿದ್ದರೋ ಏನೋ. “ಹೊಲಕ್ಕ ಹೋಗೂ ದಿನಾನ ಬರತೈತಲ್ಲವಾ ನಿನ್ನ ಸೊಸಿ ಬ್ಯಾನಿ! ಪಂಚಾಂಗ ನೋಡಿ ಬರತೈತೇನ ಮತ್ತ?” ಎಂದು ನೆರೆಮನೆಯ ಕೆಂಚವ್ವ ಬಾವಿಕಟ್ಟೆಯ ಮೇಲೆ ನಾಲ್ಕು ಮಂದಿಯ ಮುಂದೆ ಆಡಿಕೊಂಡಾಗ ಕಾಶೆವ್ವನೂ ನಕ್ಕಿದ್ದಳು. ಅದಾಗಿ ಎರಡು ದಿನಕ್ಕೆ ಹಿತ್ತಲಿಂದ ಸೆಗಣಿ ಬುಟ್ಟಿ ಹೊತ್ತು ಬರುತ್ತಿದ್ದ ಹುಡುಗಿ ಐದು ಮೆಟ್ಟಿಲು ಹತ್ತಲಾರದೆ ಮೂರನೆಯದರಲ್ಲಿ ನಿಂತುಬಿಟ್ಟದ್ದನ್ನು, ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತೆ ಇದ್ದದ್ದನ್ನು ನೋಡಿದಳು. ಅವತ್ತಿನಿಂದ ನಗಲಿಲ್ಲ.

ಮೂಡಲಗಿಯ ಲಕ್ಕವ್ವ ಚುಟಿಗಿ ಹಾಕುವುದರಲ್ಲಿ ಹೆಸರಾದವಳು. ಅರಿಷಿಣದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಕೊರಳ ಎಲುಬಿನ ಕೆಳಗೆ ಮೂರು ಕಡೆ ಸುಟ್ಟಳು. ಗೌರವ್ವ ಹಲ್ಲು ಕಚ್ಚಿ ಸುಡಿಸಿಕೊಂಡಳು, ಒಂದು ಸಲವೂ ‘ಯವ್ವಾ’ ಅನ್ನಲಿಲ್ಲ. “ಇಂಥಾಕಿನ್ನ ನಾ ನೋಡಿಲ್ಲ. ಬೇಡಿ ಸುಡಿಸಿಕೊಂಡಂಗ ಕುಂತಾಳ,” ಎಂದು ಲಕ್ಕವ್ವನೇ ಬೆರಗಾದಳು. ಗಾಯ ಮಾಯಿತು, ನೋವು ಮಾಯಲಿಲ್ಲ. ಆಮೇಲೆ ಹುಕ್ಕೇರಿಯ ಪಂಡಿತರು. ಅವರು ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು, ಜೇನಿನಲ್ಲಿ ತೇಯುವ ಬೂದುಬಣ್ಣದ ಗುಳಿಗೆ ಕೊಟ್ಟರು. ಏಳುವಾಗ, “ನಿತ್ಯ ಲಿಂಗಪೂಜಿ ಸರಿಯಾಗಿ ನಡದೈತಿಲ್ಲೋ? ಅದರಾಗ ತಪ್ಪಿದ್ರ ಎಂಥಾ ಔಷಧಾನೂ ಹತ್ತೂದಿಲ್ಲ ನೋಡ್ರಿ,” ಎಂದರು.

“ನಮ್ಮ ಸೊಸಿ ಪೂಜಿಗೆ ಕುಂತ್ರ ಅರ್ಧ ತಾಸ್ರಿ!” ಎಂದು ಕಾಶೆವ್ವ ಹೆಮ್ಮೆಯಿಂದ ಹೇಳಿದ್ದಳು. “ಗ್ವಾಡಿಗೆ ಮುಖಾ ಮಾಡಿ ಕುಂತಾಳಂದ್ರ ಸಿಡ್ಲ ಬಡದ್ರೂ ಹೊಳ್ಳಿ ನೋಡೂದಿಲ್ಲ.” ಬರುವಾಗ ಗಾಡಿಯಲ್ಲಿ ಗೌರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಿದ್ದಳು. ನೋವಿಗೆ ಅಳುತ್ತಾಳೆ ಎಂದುಕೊಂಡಿದ್ದಳು ಕಾಶೆವ್ವ.

ನೋವಿಗೆ ಎರಡು ತಿಂಗಳು ಮೊದಲು ಕೂಸು ಇತ್ತು. ಮದುವೆಯಾಗಿ ನಾಲ್ಕು ವರ್ಷಕ್ಕೆ ಹುಟ್ಟಿದ ಗಂಡುಕೂಸು. ಗೌರವ್ವನ ತವರು ನಾಗನೂರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಹೆರಿಗೆ ಅತ್ತೆಯ ಮನೆಯಲ್ಲೇ ಆಯಿತು. ಹುಟ್ಟಿದ ಕೂಸಿಗೆ ತಡ ಮಾಡದೆ ಲಿಂಗ ಕಟ್ಟಿಸಬೇಕು. ಆದರೆ ಕಾಶೆವ್ವನ ಮನೆತನಕ್ಕೆ ಮೂರು ತಲೆಮಾರಿನಿಂದ ಲಿಂಗ ಕಟ್ಟುತ್ತ ಬಂದಿದ್ದ ಮಠದ ಅಯ್ಯನವರು ಆಗ ಮೇಲವಂಕಿಗೆ ಹೋಗಿದ್ದರು. ಊರಲ್ಲಿ ಇನ್ನೊಂದು ಮಠದ ಅಯ್ಯನವರು ಇದ್ದರು. ಅವರನ್ನೇ ಕರೆಯೋಣ ಎಂದು ಮಗ ರಾಚಪ್ಪ ಅಂದ. ಕಾಶೆವ್ವ ಒಪ್ಪಲಿಲ್ಲ. “ನಿನ್ನ ಅಪ್ಪಗ, ಮುತ್ಯಾಗ ಕಟ್ಟಿದ ಮನಿತನದ ಕೈಲೇ ಆಗಬೇಕು. ಮೂರ ದಿನದಾಗ ಊರೇನ ಮುಳುಗಿ ಹೋಗತೈತೇನ?” ಎಂದಿದ್ದಳು.

ಊರು ಮುಳುಗಲಿಲ್ಲ. ಮೂರನೆಯ ದಿನ ಸಂಜೆ ಕೂಸು ಮೊಲೆ ಬಿಟ್ಟಿತು. ನಾಲ್ಕನೆಯ ದಿನ ಅಯ್ಯನವರು ಬಂದಾಗ ಕಟ್ಟುವುದಕ್ಕೆ ಏನೂ ಉಳಿದಿರಲಿಲ್ಲ. ಲಿಂಗವಿಲ್ಲದ ಕೂಸಿಗೆ ಮಂತ್ರವಿಲ್ಲ, ಕ್ರಿಯೆಯಿಲ್ಲ. ಹೊಲದ ಮೂಲೆಯಲ್ಲಿ ಸಣ್ಣ ಕುಣಿ ತೆಗೆದರು. ಗೌರವ್ವ ತಾನೇ ಕೂಸನ್ನು ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕೈಕಾಲು ಕಾಣದ ಹಾಗೆ ಬಿಗಿಯಾಗಿ ಸುತ್ತಿ ತಂದಿದ್ದಳು. ಹಣೆಗೆ ವಿಭೂತಿ ಹಚ್ಚೋಣವೆಂದು ಕಾಶೆವ್ವ ಬಟ್ಟೆಗೆ ಕೈ ಹಾಕಿದಾಗ, “ಬಿಚ್ಚಬ್ಯಾಡ್ರಿ ಅತ್ತಿ, ಥಂಡಿ ಹತ್ತತೈತಿ,” ಎಂದು ತಡೆದಿದ್ದಳು. ಸತ್ತ ಕೂಸಿಗೆ ಥಂಡಿ! ಕಾಶೆವ್ವ ಅವತ್ತು ವಿಭೂತಿ ಹಚ್ಚದೆ ಕೈ ಹಿಂದೆಗೆದಿದ್ದಳು.

ಡಾಕ್ಟರು ಕೈ ಒರೆಸಿಕೊಳ್ಳುತ್ತ ಮತ್ತೆ ಬಂದರು. “ಏನಾತ್ರಿ?”

“ಗೌರಾ,” ಎಂದಳು ಕಾಶೆವ್ವ ಮೆಲ್ಲಗೆ, ಸೊಸೆಯ ಹೆಗಲು ಸವರಿ. “ನನ್ನ ಸ್ವಾದರತ್ತಿ ಫಕೀರವ್ವ ಇದ್ಲು ನೋಡು. ಆಕಿ ಲಿಂಗಾ ಹೊಳ್ಯಾಗ ಬಿತ್ತು. ಅಂಬಿಗರು ಮೂರ ದಿನಾ ಮುಳುಗಿ ಮುಳುಗಿ ಹುಡುಕಿದ್ರು. ಲಿಂಗಾ ಸಿಗೂತನಕ ಮುದಿಕಿ ಒಂದ ಹನಿ ನೀರ ಮುಟ್ಟಲಿಲ್ಲ. ಆ ಮನಿತನದಾಕಿ ನಾನು. ನೆಲಕ್ಕ ತಾಗಸ್ತೇನೇನ? ಅಂಗೈಯಾಗ ಇಟಗೊಂಡ ಎದಿಗೆ ಹಿಡಕೊಂಡ ನಿಂದರ್ತೇನಿ.”

ಸಮಾಧಾನಕ್ಕೆಂದು ಹೇಳಿದ ಮಾತು. ಗೌರವ್ವನ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು. ಆಮೇಲೆ ಅವಳು ಎರಡೂ ಕೈಯಿಂದ ದಾರವನ್ನು ತಲೆಯ ಮೇಲಿಂದ ತೆಗೆದು, ಅತ್ತೆಯ ಅಂಗೈಯಲ್ಲಿಟ್ಟು, ಕೈ ಹಿಂದೆಗೆದುಕೊಳ್ಳದೆ ಹಾಗೆಯೇ ಹಿಡಿದು ಹೇಳಿದಳು:

“ಬಿಚ್ಚಬ್ಯಾಡ್ರಿ ಅತ್ತಿ.”

ಅದೇ ಧ್ವನಿ. ಅದೇ ಮಾತು. ಕಾಶೆವ್ವನ ಅಂಗೈ ಆ ಕ್ಷಣಕ್ಕೆ ಭಾರಕ್ಕಾಗಿ ಕಾಯುತ್ತಿತ್ತು. ಭಾರ ಬರಲಿಲ್ಲ. ಗಂಡ ತೀರಿಕೊಂಡಾಗ ಅವನ ಎಡಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಚಿದವಳು ಅವಳೇ. ತನ್ನ ಲಿಂಗವನ್ನು ಐವತ್ತು ವರ್ಷ ದಿನವೂ ಅಂಗೈಯಲ್ಲಿ ಹಿಡಿದವಳು. ಲಿಂಗದ ತೂಕ ಎಷ್ಟೆಂದು ಆ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈಗ ಕೈಯಲ್ಲಿದ್ದದ್ದು ಬರೀ ಬೆಳ್ಳಿ.

ಅವಳು ಬಿಚ್ಚಿ ನೋಡಲಿಲ್ಲ. ನೋಡಬೇಕಾದ ಅಗತ್ಯವೇ ಇರಲಿಲ್ಲ. ಇಳಕಲ್ ಸೀರೆಯ ತುಂಡು, ಅದರೊಳಗೆ ಬಿಗಿಯಾಗಿ ಸುತ್ತಿದ ಸಣ್ಣ ಮುಷ್ಟಿ, ಆ ಮುಷ್ಟಿಯೊಳಗೆ ಏನಿತ್ತು ಎಂಬುದು ಹದಿನಾಲ್ಕು ತಿಂಗಳ ಮೇಲೆ, ಗೋಕಾಕದ ದವಾಖಾನೆಯ ಫಿನೈಲ್ ವಾಸನೆಯ ನಡುವೆ ಅವಳಿಗೆ ಕಂಡಿತು.

ಡಾಕ್ಟರು ಕೊಳವೆಯ ತುದಿಯನ್ನು ಮೂರು ಸುಟ್ಟ ಕಲೆಗಳ ಕೆಳಗೆ ಇಟ್ಟರು. ಸರಿಸಿದರು, ಮತ್ತೆ ಇಟ್ಟರು. ಎಡಕ್ಕೆ ಮಗ್ಗುಲಾಗಿ ಮಲಗೆಂದರು. ಎರಡು ನಿಮಿಷವೆಂದದ್ದು ಹತ್ತಾಯಿತು. “ಸಣ್ಣಾಕಿದ್ದಾಗ ಮೊಣಕಾಲು, ಮುಂಗೈ ಬಾತು ಜ್ವರಾ ಬಂದಿತ್ತೇನು?” ಎಂದು ಕೇಳಿದರು.

“ಹೂಂನ್ರಿ. ನಾಗನೂರಾಗ. ಒಂಬತ್ತ ವರ್ಷದಾಕಿ ಇದ್ದೆ. ಎರಡ ತಿಂಗಳಾ ನೆಲಾ ಹಿಡದಿದ್ದೆ. ನಮ್ಮಾಯಿ ಔಡಲ ಎಲಿ ಕಟ್ಟತಿದ್ಲು.”

ಡಾಕ್ಟರು ತಲೆಯಾಡಿಸಿ, ಕಾಂಪೌಂಡರನ ಹತ್ತಿರ ಔಷಧಿ ತಗೊಳ್ಳಿರೆಂದು ಕಾಶೆವ್ವನನ್ನು ಪರದೆಯಾಚೆ ಕರೆದರು. ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಹೇಳಿದರು.

“ನಿಮ್ಮ ಹೊಲಕ್ಕ ಕಾಲಿವಿ ನೀರು ಬರತೈತಲ್ಲ, ಅದರ ತೂಬಿನ ಬಾಗಲಾ ಜಂಗ ತಿಂದು ಅರ್ಧಕ್ಕ ಸಿಕ್ಕೊಂಡ್ರ ಏನಾಗತೈತಿ? ಮುಂದ ನೀರಿಲ್ಲ, ಹಿಂದ ಒತ್ತಾಕತೈತಿ. ಈಕಿ ಎದಿಯೊಳಗೂ ಅಂಥಾದ್ದೊಂದು ಬಾಗಲಾ ಐತಿ. ಆ ಜ್ವರಾ ಅದನ್ನ ತಿಂದೈತಿ.”

“ತೂಬಾದ್ರ ರಿಪೇರಿ ಮಾಡ್ತಾರಲ್ರಿ,” ಎಂದಳು ಕಾಶೆವ್ವ.

ಡಾಕ್ಟರು ಅವಳ ಮುಖ ನೋಡಲಿಲ್ಲ. “ಇದನ್ನ ಮಾಡೂ ವಿದ್ಯಾ ಇನ್ನೂ ಬಂದಿಲ್ರೆವಾ. ಹನಿ ಔಷಧಾ ಕೊಡ್ತೇನಿ, ನೋವು ಕಡಿಮಿ ಆಗತೈತಿ. ಬೀಸೂದು, ಹೊರೂದು ಬ್ಯಾಡ. ಇನ್ನೊಂದ ಬಸರಂತೂ ಬ್ಯಾಡೇ ಬ್ಯಾಡ, ಇಬ್ಬರೂ ಉಳಿಯೂದಿಲ್ಲ. ಹಿಂದಿನ ಸಲಾ ಈಕಿ ಉಳಿದದ್ದ ಹೆಚ್ಚು.”

“ಎಷ್ಟ ದಿನಾರಿ?”

“ಒಂದ ಮಳಿಗಾಲ. ಚಲೋ ನೋಡ್ಕೊಂಡ್ರ ಎರಡು.”

ಕಾಶೆವ್ವ ಒಳಗೆ ಬಂದಾಗ ಗೌರವ್ವ ಕುಪ್ಪಸದ ಗಂಟು ಕಟ್ಟಿಕೊಂಡು ಎದ್ದು ನಿಂತಿದ್ದಳು. ಅವಳ ಕಣ್ಣು ಅತ್ತೆಯ ಮುಖಕ್ಕೆ ಬರಲಿಲ್ಲ, ಅತ್ತೆಯ ಮುಚ್ಚಿದ ಕೈಯ ಮೇಲಿತ್ತು. ಕಾಶೆವ್ವ ದಾರವನ್ನು ಅವಳ ಕೊರಳಿಗೆ ಹಾಕಿ, ಗುಂಡಗಡಗಿಯನ್ನು ಅದರ ಜಾಗದಲ್ಲಿ ಸರಿಯಾಗಿ ಕೂರಿಸಿ, ಮೇಲೆ ಸೆರಗು ಎಳೆದಳು.

“ಏನಂದ್ರು ಡಾಕ್ಟರು, ಅತ್ತಿ?” ಎಂದು ಕೇಳಿದಳು ಗೌರವ್ವ. “ಯಾತಕ್ಕ ಬರತೈತಂತ ನೋವು?”

“ನೀ ಒಂಬತ್ತ ವರ್ಷದಾಕಿ ಇದ್ದಾಗ ಜ್ವರಾ ಬಂದಿತ್ತಲ್ಲ, ಅದರದಂತ.”

“ಮತ್ತೇನೂ ಅಲ್ಲಂತಿಲ್ರಿ?”

“ಮತ್ತೇನೂ ಅಲ್ಲ. ಒಂಬತ್ತ ವರ್ಷದಾಕಿ ಇದ್ದಾಗಿಂದು. ಆಗಿನ್ನೂ ನೀ ನಮ್ಮ ಮನಿ ಸೊಸಿನೂ ಆಗಿದ್ದಿಲ್ಲ. ತಿಳೀತಿಲ್ಲೋ? ಕೂಸಿನಕಿಂತಾ ಮೊದಲಿಂದು.” ಕಾಶೆವ್ವ ಅವಳ ಗಲ್ಲ ಹಿಡಿದು ಎತ್ತಿ ಇನ್ನೊಮ್ಮೆ ಹೇಳಿದಳು. “ಕೂಸಿನಕಿಂತಾ ಭಾಳ ಮೊದಲಿಂದು, ಗೌರಾ.”

ಅರ್ಧ ಮಾತು ಅಷ್ಟೇ. ಉಳಿದರ್ಧವನ್ನು ಕಾಶೆವ್ವ ನುಂಗಿದಳು. ಗೌರವ್ವ ಔಷಧಿ ಹಿಡಿದು ಬಂದ ಕಾಂಪೌಂಡರನ ಎದುರಿಗೇ ಅತ್ತೆಯ ಹೆಗಲಿಗೆ ಹಣೆಯಿಟ್ಟು ಬಿಕ್ಕಿದಳು. ಅದು ದುಃಖದ ಅಳುವಲ್ಲ, ಶಿಕ್ಷೆಯಲ್ಲವೆಂದು ಕೇಳಿದವರ ಅಳು ಎಂಬುದು ಕಾಶೆವ್ವನೊಬ್ಬಳಿಗೇ ಗೊತ್ತಿತ್ತು.

ಹೊರಗೆ ರಾಚಪ್ಪ ಎತ್ತುಗಳಿಗೆ ಮೇವು ಹಾಕಿ ಕಾಯುತ್ತಿದ್ದ. ಕಾಶೆವ್ವ ಸೊಸೆಯನ್ನು ಗಾಡಿಗೆ ಹತ್ತಿಸಿದ ಮೇಲೆ ಅವನು ಹೆಗಲ ವಸ್ತ್ರದ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ಹೆಂಡತಿಯ ಮಡಿಲಿಗೆ ಹಾಕಿದ. ಕರದಂಟು. “ಬಾಣಂತ್ಯಾಗ ಅಂಟಿನುಂಡಿ ತಿನ್ನೂದ ತಪ್ಪಿತ್ತಲ್ಲ, ಈಗ ತಿನ್ನು. ಡಾಕ್ಟರ ಸೂಜಿ ಚುಚ್ಚಿದ್ನೇನ? ಒದರಿದ್ದು ಇಲ್ಲಿತನಕ ಕೇಳಲಿಲ್ಲಪಾ!” ಎಂದು ನಗಿಸಲು ನೋಡಿದ.

“ಔಷಧಾ ಕೊಟ್ಟಾರ,” ಎಂದಳು ಕಾಶೆವ್ವ. “ಗಾಡಿ ಹೊಡಿ.” ಅವನಿಗೆ ಹೇಳಬೇಕಾದದ್ದನ್ನು ಹೊಲದಲ್ಲಿ, ಇಬ್ಬರೇ ಇದ್ದಾಗ ಹೇಳಬೇಕು ಎಂದುಕೊಂಡಳು. ಹೇಗೆ ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ.

ಹೊಳೆ ದಾಟಿ ಗಾಡಿ ಕಾಲುವೆಯ ದಂಡೆ ಹಿಡಿಯಿತು. ಗೌರವ್ವ ಒಂದು ತುಂಡು ಕರದಂಟು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯುತ್ತಿದ್ದಳು, ನುಂಗುವ ಮುಂಚೆ ಯಾರನ್ನೋ ಕೇಳುವವಳಂತೆ ತಡೆಯುತ್ತಿದ್ದಳು. ಕಾಶೆವ್ವ ಅದನ್ನೇ ನೋಡುತ್ತಿದ್ದಳು. ಲಿಂಗವಿಲ್ಲದವರು ನೀರೂ ಮುಟ್ಟಬಾರದು. ಊಟಕ್ಕೆ ಕುಳಿತರೆ ಅರ್ಧ ರೊಟ್ಟಿಗೆ ಏಳುತ್ತಿದ್ದಳಲ್ಲ, ಜಡ್ಡಿಗೆ ಬಾಯಿ ಕೆಟ್ಟಿದೆ ಎಂದುಕೊಂಡಿದ್ದೆನಲ್ಲ. ಹದಿನಾಲ್ಕು ತಿಂಗಳ ಒಂದೊಂದು ತುತ್ತನ್ನೂ ಈ ಹುಡುಗಿ ಕದ್ದವಳಂತೆ ನುಂಗಿದ್ದಾಳೆ. ದಿನಾ ಬೆಳಗ್ಗೆ ಗೋಡೆಗೆ ಮುಖ ಮಾಡಿ ಬರಿಯ ಅಂಗೈಗೆ ನೀರೆರೆದಿದ್ದಾಳೆ. ಇನ್ನು ಒಂದು ಮಳೆಗಾಲ, ಇಲ್ಲ ಎರಡು. ಆಮೇಲೆ ಇವಳನ್ನು ಸಮಾಧಿಯಲ್ಲಿ ಕೂರಿಸುವಾಗ ಅಯ್ಯನವರು ಎಡಗೈಯಲ್ಲಿ ಲಿಂಗವಿಡಲು ಗುಂಡಗಡಗಿಯನ್ನು ತೆರೆಯುತ್ತಾರೆ. ಊರಿಗೆ ಊರೇ ನಿಂತು ನೋಡುತ್ತಿರುತ್ತದೆ.

ಕಾಲುವೆಯ ತೂಬಿನ ಹತ್ತಿರ ನೀರು ಕಬ್ಬಿಣದ ಬಾಗಿಲಿಗೆ ಬಡಿದು ಸದ್ದು ಮಾಡುತ್ತಿತ್ತು. ಕಾಶೆವ್ವ ಮುಖ ತಿರುಗಿಸಿಕೊಂಡಳು.

ಮರುದಿನ ಬೆಳಗ್ಗೆ ಮೈತೊಳೆದು ಬಂದ ಗೌರವ್ವ ಎಂದಿನಂತೆ ಗೋಡೆಗೆ ಮುಖ ಮಾಡಿ ಕುಳಿತಳು. ಕಾಶೆವ್ವ ಅವಳಿಗೂ ಗೋಡೆಗೂ ನಡುವಿನ ಜಾಗದಲ್ಲಿ ಹೋಗಿ ಎದುರು ಬದುರು ಕುಳಿತಳು. ಗೌರವ್ವನ ಎಡಗೈ ಮುಷ್ಟಿಯಾಯಿತು.

“ತಗಿ ಕೈ.”

“ಅತ್ತಿ...”

“ತಗಿಯವಾ. ನನಗ ನಿನ್ನೆನ ಗೊತ್ತಾಗೈತಿ.”

ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈಯಲ್ಲಿ ಒಂದು ಚಿಟಿಕೆ ವಿಭೂತಿ ಮಾತ್ರ ಇತ್ತು. ಗೌರವ್ವ ತಲೆಯೆತ್ತದೆ ಹೇಳಿದಳು: “ಹೇಳಿದ್ರ ತಗಸ್ತಿದ್ರಿ ನೀವು. ಕುಣಿ ತಗದು ಅದರ ಕೈಯಾಗಿಂದ ಬಿಡಿಸಿ ತರ್ತಿದ್ರಿ. ಅದಕ್ಕ ಹೇಳ್ಲಿಲ್ಲ. ಅದು ಬರಿಗೈಲೆ ಹೋಗಬಾರದಿತ್ರಿ ಅತ್ತಿ.”

ತಗಸ್ತಿದ್ದೆ, ಎಂದುಕೊಂಡಳು ಕಾಶೆವ್ವ. ಖರೆ. ಆಗಿನ ಕಾಶೆವ್ವ ತಗಸ್ತಿದ್ದಳು. “ಮೇಲವಂಕಿಯಿಂದ ಅಯ್ಯನವರು ಬರ್ಲಿ ಅಂದಾಕಿ ನಾ,” ಎಂದಳು. ಈ ಹದಿನಾಲ್ಕು ತಿಂಗಳಲ್ಲಿ ಅವಳು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಅವಳು ತನ್ನ ಕೊರಳಲ್ಲಿ ಲಿಂಗ ಕಟ್ಟಿದ್ದ ವಸ್ತ್ರದ ಗಂಟನ್ನು ಬಿಚ್ಚಿದಳು. ಐವತ್ತು ವರ್ಷದ ನೀರು, ವಿಭೂತಿ ಕಂಡು ನುಣ್ಣಗಾಗಿದ್ದ ಕರಿಯ ಲಿಂಗವನ್ನು ಸೊಸೆಯ ಅಂಗೈಯಲ್ಲಿಟ್ಟಳು. ಭಾರಕ್ಕೆ ಆ ಕೈ ಒಂದಿಷ್ಟು ಕೆಳಗಿಳಿಯಿತು. ಒಬ್ಬರ ಲಿಂಗ ಇನ್ನೊಬ್ಬರಿಗಾಗುವುದಿಲ್ಲ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು ಅದು. ಇಬ್ಬರೂ ಅದನ್ನು ಆಡಲಿಲ್ಲ.

“ನಿಮಗ್ರಿ?”

“ಬಟ್ಟಿ ಗಂಟು ಬರಿದಾದ್ರ ಎಲ್ಲಾರಿಗೂ ಕಾಣತೈತಿ. ಬೆಳ್ಳ್ಯಾಗ ಕಾಣೂದಿಲ್ಲ,” ಎಂದು ಕಾಶೆವ್ವ ಗುಂಡಗಡಗಿಯನ್ನು ಅವಳ ಕೊರಳಿಂದ ತೆಗೆದು ತಾನು ಹಾಕಿಕೊಂಡಳು. “ನೀ ಲಿಂಗಾ ಈ ಬಟ್ಟ್ಯಾಗ ಕಟ್ಟಿಕೋ. ಯಾರರ ಕೇಳಿದ್ರ ಬೆಳ್ಳಿ ಭಾರಾ ತಡಿಯೂದಿಲ್ಲಂತ ಡಾಕ್ಟರ ತಗಿಸ್ಯಾರ ಅನ್ನು. ಹಿಡಿ, ನೀರ ಹಾಕ್ತೇನಿ.”

ಗಿಂಡಿಯ ನೀರು ಲಿಂಗದ ಮೇಲೆ ಬಿದ್ದು, ಬೆರಳ ಸಂದಿಯಿಂದ ತಟ್ಟೆಗೆ ತೊಟ್ಟಿಕ್ಕಿತು. ಹೊರಗಿನಿಂದ ರಾಚಪ್ಪ, “ಯವ್ವಾ, ಇವತ್ತ ರೊಟ್ಟಿ ಐತೋ, ಬರೀ ಪೂಜಿನೋ?” ಎಂದು ಕೂಗಿದ.

“ತಡಿಯೋ ಹೊಟ್ಟಿಬಾಕಾ,” ಎಂದಳು ಕಾಶೆವ್ವ. ಗೌರವ್ವ ತೀರ್ಥವನ್ನು ತುಟಿಗೆ ತಂದಳು. ಈ ಸಲ ತಡೆಯದೆ ನುಂಗಿದಳು. ತಟ್ಟೆಯಲ್ಲಿ ಇನ್ನೂ ಒಂದು ಗುಟುಕು ತೀರ್ಥ ಉಳಿದಿತ್ತು. ಕಾಶೆವ್ವ ಅದನ್ನೂ ಸೊಸೆಯ ಕಡೆಗೇ ಸರಿಸಿದಳು.

ಮೂರು ದಿನ ಕಳೆದ ಮೇಲೆ ಕಾಶೆವ್ವ ನೀರಿಗೆ ಹೋದಾಗ ಬಾವಿಕಟ್ಟೆಯ ಮೇಲೆ ಕೆಂಚವ್ವನ ಕಣ್ಣು ಮೊದಲು ಹೋದದ್ದು ಬೆಳ್ಳಿಯ ಮೇಲೆ.

“ಏನವಾ ಕಾಶೆವ್ವಾ! ಸಾಯೂ ಕಾಲಕ್ಕ ಬೆಳ್ಳಿ ಆಶಾ ಬಂತೇನ? ಜಡ್ಡಿನಾಕಿ ಕೊಳ್ಳಾಗಿಂದು ಕಸಗೊಂಡ್ಯಲ್ಲ, ತವರ ಮನ್ಯಾವ್ರು ಕೇಳಾವ್ರಿಲ್ಲಂತ?”

ನೀರು ಸೇದುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಭಾರ ತಡೆಯುವುದಿಲ್ಲವೆಂದು ಡಾಕ್ಟರು ತೆಗೆಸಿದರು ಎಂಬ ಮಾತು ಕಾಶೆವ್ವನ ನಾಲಗೆಯ ತುದಿಗೆ ಬಂತು. ಆದರೆ ಡಾಕ್ಟರ ಹೆಸರೆತ್ತಿದರೆ ಮತ್ತೇನಂದರು ಎಂದು ಕೇಳುತ್ತಾರೆ.

“ಹೂಂ,” ಎಂದಳು. “ಕಸಗೊಂಡೆ.”

ಹಗ್ಗ ಇಳಿಸಿ ಕೊಡ ಮೇಲೆಳೆದು ಕಟ್ಟೆಯ ಮೇಲಿಡಲು ಬಾಗಿದಳು. ಗುಂಡಗಡಗಿ ಮುಂದಕ್ಕೆ ಜೋಲಿ ತಾಮ್ರದ ಕೊಡದ ಕಂಠಕ್ಕೆ ಬಡಿದು ತೆಳ್ಳಗೆ, ಟೊಳ್ಳಾಗಿ ಸದ್ದು ಮಾಡಿತು. ಕಾಶೆವ್ವನ ಬಲಗೈ ತಾನಾಗಿ ಮೇಲೆ ಹೋಗಿ ಅದನ್ನು ಮುಚ್ಚಿ ಹಿಡಿಯಿತು.